ಎದುರಿಗೆ ಬಾಯಿ ತೆಗೆಯೋ ಧೈರ್ಯ ಎಲ್ಲಿಂದ ತರೋದು? ಆಫೀಸು, ಆಸ್ಪತ್ರೆ ಎರಡೂ ಕಡೆ ಇದೇ ಕತೆ

ಎರಡನೇ_ಕೀ (ಶಿರಸಿ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದ್ತಾ ಇದ್ದೆ, ಬರೀತಾ ಇರೋದು ಇದೇ ಮೊದಲು. ಇಷ್ಟು ಬರೆಯೋಕೂ ಎರಡು ದಿನ ತಗೊಂಡೆ ಅಂದ್ರೆ ನನ್ನ ಸಮಸ್ಯೆ ಎಂತದು ಅಂತ ಅರ್ಧ ನಿಮಗೆ ಗೊತ್ತಾಗಿರ್ತದೆ.

ನಂಗೆ 26. ಶಿರಸಿಲಿ ಒಂದು ಪತ್ತಿನ ಸಂಘದಲ್ಲಿ ಕೆಲಸ, ಹೆಸರು ಬೇಡ. ದಿನಾ ಸಂಜೆ ಕ್ಯಾಶ್ ಟ್ಯಾಲಿ ಮಾಡಿ ಸೇಫ್ ಒಳಗೆ ಇಡುವಾಗ ಪುಸ್ತಕದಲ್ಲಿ ಇಬ್ಬರ ಸಹಿ ಬೇಕು, ಒಂದು ಮ್ಯಾನೇಜರ್‌ದು, ಇನ್ನೊಂದು ಎರಡನೇ ಕೀ ಇಟ್ಕೊಂಡವರದ್ದು. ಆ ಕೀ ಇದ್ದ ಸೀನಿಯರ್ ಅಕ್ಕ ಮಾರ್ಚಲ್ಲಿ ರಿಟೈರ್ ಆದ್ರು, ಕೀ ನನ್ನ ಕೈಗೆ ಬಂತು. ಮೊದಲ ದಿನ ನಾನು ನೋಟಿನ ಕಟ್ಟು ಬಿಚ್ಚಿ ಎಣಿಸೋಕೆ ಕೂತೆ. ಮ್ಯಾನೇಜರ್ "ಎಂತ ತಂಗಿ, ನಮ್ಮೇಲೆ ನಂಬಿಕೆ ಇಲ್ವಾ, ನಿನ್ನ ಬಸ್ ಹೋಗ್ತದೆ ನೋಡು" ಅಂತ ನಕ್ಕರು. ಅಲ್ಲಿದ್ದ ನಾಲ್ಕು ಜನನೂ ನಕ್ಕರು. ನಾನೂ ನಕ್ಕು ಸಹಿ ಹಾಕ್ದೆ. ಅದಾಗಿ ಐದು ತಿಂಗಳು, ಒಂದು ದಿನವೂ ಎಣಿಸಿಲ್ಲ. ಅವರು ಕೆಟ್ಟವರು ಅಂತ ನಾನು ಹೇಳ್ತಾ ಇಲ್ಲ ಮತ್ತೆ, ಅಂಥದ್ದು ಏನೂ ಕಂಡಿಲ್ಲ ನಂಗೆ. ಆದ್ರೆ ರಾತ್ರಿ ಮಲಗಿದಾಗ ಆ ಸಹಿ ಕಣ್ಣ ಮುಂದೆ ಬರ್ತದೆ.

ಇನ್ನೊಂದು. ಅಪ್ಪಂಗೆ ಹೋದ ವರ್ಷ ಹಾರ್ಟಿಗೆ ಸ್ಟೆಂಟ್ ಹಾಕಿದ್ರು. ಮೂರು ತಿಂಗಳಿಗೊಮ್ಮೆ ಘಟ್ಟ ಇಳಿದು ಹೈವೇ ಹಿಡಿದು ಜಿಲ್ಲೆ ದಾಟಿ ಚೆಕಪ್ಪಿಗೆ ಹೋಗಬೇಕು (ನಮ್ಮ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗ್ತಾ ಇದ್ದೇವೆ, ಅದು ಬೇರೆ ವಿಷಯ ಬಿಡಿ). ನಸುಕಿಗೆ ಹೊರಟು ಟೋಕನ್ ತಗೊಂಡು ಮಧ್ಯಾಹ್ನದವರೆಗೆ ಕೂತು ಒಳಗೆ ಹೋದ್ರೆ ಡಾಕ್ಟರ್ ಮೂರು ನಿಮಿಷ ನೋಡ್ತಾರೆ. ಕೊನೆಗೆ "ಏನಾದ್ರೂ ಕೇಳೋದಿದ್ಯಾ" ಅಂತಾರೆ, ಕೇಳ್ತಾರೆ ಮಾರಾಯ್ರೇ, ಅವರ ತಪ್ಪಿಲ್ಲ. ನಾನು "ಇಲ್ಲ ಸರ್" ಅಂತೇನೆ. ಬಸ್ಸಲ್ಲಿ ಬರುವಾಗ ಕುಮಟಾ ದಾಟೋದ್ರೊಳಗೆ ಕೇಳಬೇಕಿದ್ದ ಹತ್ತು ಪ್ರಶ್ನೆ ನೆನಪಾಗ್ತವೆ. ಅಪ್ಪಂಗೆ ಎರಡು ತಿಂಗಳಿಂದ ಒಣ ಕೆಮ್ಮು, ಅಡಿಕೆ ಧೂಳು ಅಂತ ಅಮ್ಮ ಕಷಾಯ ಕೊಡ್ತಾ ಇದಾಳೆ, ಅದನ್ನೂ ಕೇಳಲಿಲ್ಲ.

ಹುಟ್ಟಾ ಪುಕ್ಕಲು ಇರೋರು ಧೈರ್ಯ ಬೆಳೆಸ್ಕೊಳ್ಳೋಕೆ ಆಗ್ತದಾ? ಮೋಟಿವೇಷನ್ ವಿಡಿಯೋ ಬೇಡ ದಯವಿಟ್ಟು, ಬೆಳಿಗ್ಗೆ ನೋಡಿದ್ದು ಐದು ರಸ್ತೆ ಸರ್ಕಲ್ ಮುಟ್ಟೋವರೆಗೂ ಉಳಿಯೋದಿಲ್ಲ.

ರಿಟೈರ್ಡ್_ಕ್ಯಾಶಿಯರ್ (ಹೊನ್ನಾವರ)

ತಂಗಿ, ಧೈರ್ಯದ ಮಾತು ಆಮೇಲೆ. ಮೊದಲು ಸಹಿ ಮಾತು.

ಸೇಫಿಗೆ ಎರಡು ಕೀ ಯಾಕೆ ಮಾಡಿದ್ದಾರೆ ಹೇಳು. ಒಬ್ಬ ಕಳ್ಳ ಆಗ್ತಾನೆ ಅಂತ ಮಾತ್ರ ಅಲ್ಲ, ಒಬ್ಬ ತಪ್ಪು ಮಾಡ್ತಾನೆ ಅಂತಾನೂ. ಇದಕ್ಕೆ ಜಾಯಿಂಟ್ ಕಸ್ಟಡಿ ಅಂತಾರೆ. ನೀನು ಸಹಿ ಹಾಕಿದ್ರೆ "ನಾನು ಕಣ್ಣಾರೆ ನೋಡಿದ್ದೇನೆ, ಇಷ್ಟು ಇದೆ" ಅಂತ ಬರೆದುಕೊಟ್ಟ ಹಾಗೆ. ನಾಳೆ ಆಡಿಟರ್ ಎದುರು ಕಡಿಮೆ ಬಂದ್ರೆ "ಸರ್ ನಕ್ಕರು, ಅದಕ್ಕೆ ಎಣಿಸಲಿಲ್ಲ" ಅಂತ ಹೇಳ್ಲಿಕ್ಕೆ ಬರ್ತದಾ?

ನನ್ನದೇ ಕತೆ ಕೇಳು. 1987, ನಾನು ಹೊಸಬ, ಬ್ರಾಂಚ್ ಹೆಸರು ಬೇಡ. ಶನಿವಾರ ಅರ್ಧ ದಿನ, ಎಲ್ಲರಿಗೂ ಮನೆಗೆ ಓಡೋ ಅವಸರ. ಎಣಿಸದೆ ಸಹಿ ಹಾಕಿದೆ. ಸೋಮವಾರ ತೆಗೆದ್ರೆ ನೂರರ ನೋಟಿನ ಒಂದು ಪ್ಯಾಕೆಟ್ ಇಲ್ಲ, ಹತ್ತು ಸಾವಿರ. ಯಾರು ತಗೊಂಡ್ರು, ಯಾರಿಗೆ ಜಾಸ್ತಿ ಹೋಯ್ತು, ಇವತ್ತಿನವರೆಗೂ ಗೊತ್ತಿಲ್ಲ. ಇಬ್ಬರ ಸಹಿ ಇದ್ದಿದ್ದಕ್ಕೆ ಇಬ್ಬರಿಗೂ ಅರ್ಧರ್ಧ ಬಿತ್ತು. ತಿಂಗಳಿಗೆ 250ರ ಹಾಗೆ 20 ತಿಂಗಳು ಸಂಬಳದಲ್ಲಿ ಮುರಿದುಕೊಂಡ್ರು. ನಿಶ್ಚಿತಾರ್ಥ ಆಗಿತ್ತು ನನಗೆ, ಮದುವೆಯನ್ನೇ ಒಂದು ವರ್ಷ ಮುಂದೆ ಹಾಕಿದೆವು. ಮಾವನ ಮನೆಯವರಿಗೆ ಹೇಳಿದ ಕಾರಣ ಬೇರೆ. ಹೆಂಡತಿಗೆ ನಿಜ ಹೇಳಿದ್ದು ಮಗ ಹುಟ್ಟಿದ ಮೇಲೆ!

ಅದಾದ ಮೇಲೆ ರಿಟೈರ್ ಆಗೋವರೆಗೂ ನಾನು ಎಣಿಸದೆ ಪೆನ್ನು ಮುಟ್ಟಲಿಲ್ಲ. ಜನ ನನ್ನನ್ನ ಗಟ್ಟಿಗ ಅಂತಿದ್ರು. ಎಂತ ಗಟ್ಟಿಗನೂ ಇಲ್ಲ, ಆ 250ರ ಹೆದರಿಕೆ ಮ್ಯಾನೇಜರ್ ನಗುವಿನ ಹೆದರಿಕೆಗಿಂತ ದೊಡ್ಡದಿತ್ತು ಅಷ್ಟೇ.

ಈಗ ನೀನು ಮಾಡೋದು ಇಷ್ಟು. ಹಿಂದಿನ ಐದು ತಿಂಗಳ ಮಾತು ಎತ್ತಬೇಡ, ಅದು ಜಗಳ ಆಗ್ತದೆ. ನಾಳೆಯಿಂದ "ಸರ್, ಎಣಿಸಿ ಹಾಕ್ತೇನೆ, ಹತ್ತು ನಿಮಿಷ" ಅನ್ನು. ಇಷ್ಟೇ ವಾಕ್ಯ. ಸಾರಿ ಸೇರಿಸಬೇಡ, ಕಾರಣ ಕೊಡಬೇಡ, ಕಾರಣ ಕೊಟ್ರೆ ಅವರು ಕಾರಣದ ಮೇಲೆ ವಾದ ಮಾಡ್ತಾರೆ. ಅವರು ಏನೇ ಅಂದ್ರೂ ಅದೇ ವಾಕ್ಯ ಇನ್ನೊಂದು ಸಲ. ಆರು ಗಂಟೆಗೆ ಎಲ್ಲರೂ ಚಪ್ಪಲಿ ಹಾಕ್ಕೊಂಡ ಮೇಲೆ ಹೇಳಬೇಡ, ಐದೂ ಇಪ್ಪತ್ತಕ್ಕೆ ಹೇಳು. ಮಷಿನ್ ಇದ್ರೆ ಪ್ಯಾಕೆಟ್ ಎಲ್ಲ ಮಷಿನಿಗೆ ಹಾಕು, ಬಿಡಿ ನೋಟು ಕೈಯಲ್ಲಿ ಎಣಿಸು. ಐನೂರರ ಪ್ಯಾಕೆಟ್ ಅಂದ್ರೆ 50,000, ಒಂದು ಹೆಚ್ಚುಕಮ್ಮಿ ಆದ್ರೆ ನಿನ್ನ ಎಷ್ಟು ತಿಂಗಳ ಸಂಬಳ ಅಂತ ಮನಸ್ಸಲ್ಲೇ ಲೆಕ್ಕ ಹಾಕ್ಕೋ, ಬಾಯಿ ತಾನಾಗೇ ಬರ್ತದೆ.

ಕಾಂಟ್ರಾಕ್ಟ್_ಗಿರಾಕಿ (ಕಾರವಾರ)

ಮೇಲಿನ ಅಂಕಲ್ ಹೇಳಿದ್ದು ಸರಿ, ಆದ್ರೆ ಅವರು ಪರ್ಮನೆಂಟ್ ನೌಕರಿಲಿ ಇದ್ದೋರು. ಈಗಿನ ಕತೆ ಬೇರೆ. ನಾನು ಮೊದಲಿದ್ದ ಕಡೆ (ಹೆಸರು ಹೇಳಲ್ಲ) ಓವರ್‌ಟೈಮ್ ದುಡ್ಡು ಕೊಡ್ತಿಲ್ಲ ಅಂತ ಹತ್ತು ಜನರ ಪರವಾಗಿ ನಾನೊಬ್ಬನೇ ಎದ್ದು ನಿಂತು ಕೇಳ್ದೆ. ಹಿಂದೆ ತಿರುಗಿ ನೋಡಿದ್ರೆ ಒಂಬತ್ತು ಜನ ಮೊಬೈಲ್ ನೋಡ್ತಾ ಇದ್ರು. ಮುಂದಿನ ತಿಂಗಳು ನನ್ನ ಕಾಂಟ್ರಾಕ್ಟ್ ರಿನ್ಯೂ ಆಗಲಿಲ್ಲ, ಬೈಕ್ ಇಎಂಐ ನಾಲ್ಕು ಕಂತು ತಪ್ಪಿತು, ಕೊನೆಗೆ ಬೈಕೇ ಹೋಯ್ತು. ಧೈರ್ಯ ಧೈರ್ಯ ಅಂತ ಎಲ್ಲರೂ ಹೇಳ್ತಾರೆ, ಆಮೇಲೆ ಮನೆ ಬಾಡಿಗೆ ಯಾರು ಕಟ್ತಾರೆ?

ಅದಕ್ಕೆ ನಾನು ಹೇಳೋದು, ಬಾಯಿ ತೆಗೆಯೋಕೆ ಮೊದಲು ಮೂರು ತಿಂಗಳ ಖರ್ಚು ಬ್ಯಾಂಕಲ್ಲಿ ಇಡಿ. ನಗಬೇಡಿ, ನಿಜ ಹೇಳ್ತಿದೀನಿ. ಆ ದುಡ್ಡು ಇದ್ದಾಗ ಧ್ವನಿನೇ ಬೇರೆ ಬರ್ತದೆ. ಮತ್ತೆ ಏನಿದ್ರೂ ಬರವಣಿಗೆಲಿ ಇರಲಿ, ಒಂದು ಡೈರಿಲಿ ತಾರೀಕು ಹಾಕಿ "ಇವತ್ತು ಎಣಿಸಿದೆ, ಇಷ್ಟು" ಅಂತ ಬರೆದಿಡಿ. ಮತ್ತೆ ಎಲ್ಲಾ ಜಗಳಾನೂ ನಮ್ಮದಲ್ಲ. ನಿಮ್ಮದು ಮಾತ್ರ ನಿಮ್ಮದೇ ಜಗಳ ಅನ್ಸುತ್ತೆ, ಸಹಿ ನಿಮ್ಮದಲ್ವಾ.

ರಿಟೈರ್ಡ್_ಕ್ಯಾಶಿಯರ್ (ಹೊನ್ನಾವರ)

ಒಪ್ಪಿದೆ ತಮ್ಮಾ, ನನ್ನ ಕಾಲದಲ್ಲಿ ಯೂನಿಯನ್ ಇತ್ತು, ಹೇಳಿದ್ದಕ್ಕೆ ಮನೆಗೆ ಕಳಿಸ್ತಿರಲಿಲ್ಲ. ಬೈಕ್ ವಿಷಯ ಕೇಳಿ ಬೇಜಾರಾಯ್ತು. ಡೈರಿ ಮಾತು ಒಳ್ಳೇದು, ಅದು ನಂಗೆ ಹೊಳೆದಿರಲಿಲ್ಲ.

ಸದಾಶಿವಗಡದವ

ಆಫೀಸ್ ಅನುಭವ ನಂಗೆ ಜಾಸ್ತಿ ಇಲ್ಲ, ನದಿ ಆಚೆ ಕಾರವಾರ ಟೌನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಆದ್ರೆ ಹೆದರಿಕೆ ಅಂದ್ರೆ ಎಂತದು ಅಂತ ಚೆನ್ನಾಗಿ ಗೊತ್ತು, ಹಾಗಾಗಿ ಬರೀತಿದೀನಿ, ಉದ್ದ ಆದ್ರೆ ಬೈಬೇಡಿ.

2024ರ ಆಗಸ್ಟ್ 7ಕ್ಕೆ ರಾತ್ರಿ ಒಂದು ಗಂಟೆ ಸುಮಾರಿಗೆ ಕಾಳಿ ನದಿಯ ಹಳೇ ಸೇತುವೆ ಬಿತ್ತಲ್ಲ, ಲಾರಿ ಸಮೇತ. ಡ್ರೈವರ್‌ನ ಮೀನುಗಾರರು ಪೊಲೀಸರು ಸೇರಿ ಎತ್ತಿದ್ರು, ಬದುಕಿದ. ಹಿಂದಿನ ದಿನ ಬೆಳಿಗ್ಗೆ ನಾನು ಅದೇ ಸೇತುವೆ ಮೇಲೆ ಬೈಕಲ್ಲಿ ಅಂಗಡಿಗೆ ಹೋಗಿದ್ದೆ, ದಿನಾ ಹೋಗೋ ಹಾಗೆ. ಪಕ್ಕದ ಹೊಸ ಸೇತುವೆ ಗಟ್ಟಿ ಇದೆ ಅಂತ ಪರೀಕ್ಷೆ ಮಾಡಿ ಬಿಟ್ರು, ಎಲ್ಲರೂ ಓಡಾಡ್ತಾ ಇದ್ರು, ನನ್ನ ಕೈಲಿ ಮಾತ್ರ ಆಗ್ಲಿಲ್ಲ. ಸೇತುವೆ ಬುಡಕ್ಕೆ ಬಂದ್ರೆ ಕೈ ಬೆವರಿ ಎಕ್ಸಲೇಟರ್ ಜಾರ್ತಿತ್ತು, ಎದೆ ಡಬಡಬ, ವಾಪಸ್ ಮನೆಗೆ. ಮನೆ ಮುಟ್ಟಿದ ಕೂಡಲೇ ಆಹಾ ಎಂಥ ಆರಾಮ! ಆ ಆರಾಮೇ ಮೋಸ ಅಂತ ಆಮೇಲೆ ಗೊತ್ತಾಯ್ತು, ಯಾಕಂದ್ರೆ ಒಂದೊಂದು ಸಲ ತಪ್ಪಿಸ್ಕೊಂಡಾಗ್ಲೂ ಮರುದಿನ ಹೆದರಿಕೆ ಒಂದು ಮೆಟ್ಟಿಲು ಹತ್ತಿ ಕೂತಿರ್ತಿತ್ತು. ಹತ್ತು ದಿನ ಅಂಗಡಿ ಬಂದ್. ಗಿರಾಕಿಗಳ ಫೋನೆಲ್ಲ ಅಂಗಡಿ ಒಳಗೇ, ಬೈದಿದ್ದಕ್ಕೆ ಲೆಕ್ಕ ಇಲ್ಲ.

ನನ್ನ ತಂಗಿ ಹೇಳಿದ್ದಕ್ಕೆ 14416ಕ್ಕೆ ಫೋನ್ ಮಾಡ್ದೆ. ಟೆಲಿ ಮಾನಸ್ ಅಂತ ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅವರು ಹೇಳಿದ್ದು ಇಷ್ಟು, ಒಮ್ಮೆಲೇ ದಾಟೋಕೆ ಹೋಗ್ಬೇಡಿ, ಮೆಟ್ಟಿಲು ಮಾಡ್ಕೊಳ್ಳಿ, ಮತ್ತೆ ಯಾವ ಮೆಟ್ಟಿಲಲ್ಲಿ ನಿಂತ್ರೂ ಹೆದರಿಕೆ ತುದಿಗೇರಿದಾಗ ಓಡಬೇಡಿ, ಅದು ಇಳಿಯೋವರೆಗೆ ಅಲ್ಲೇ ಇರಿ, ಉಸಿರು ನಿಧಾನ ಬಿಡಿ. ಮೊದಲೆರಡು ದಿನ ಬರೀ ಈ ಕಡೆ ದಡದಲ್ಲಿ ನಿಂತು ನೋಡ್ದೆ. ಬಿದ್ದ ಸ್ಲ್ಯಾಬ್ ನೀರಲ್ಲಿ ಓರೆ ಆಗಿತ್ತು, ಅದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸ್ತಾ ಕೂತಿತ್ತು, ಅದಕ್ಕೆ ಎಂತ ಟೆನ್ಷನ್ನೂ ಇಲ್ಲ. ಹೆದರಿಕೆ ಏರ್ತು, ಏರ್ತು, ಒಂದಿಪ್ಪತ್ತು ನಿಮಿಷಕ್ಕೆ ತನ್ನಷ್ಟಕ್ಕೇ ಇಳೀತು. ಇಳಿಯುತ್ತೆ ಅನ್ನೋದೇ ನಂಗೆ ಗೊತ್ತಿರಲಿಲ್ಲ ರೀ! ಮೂರನೇ ದಿನ ಬಸ್ಸಲ್ಲಿ, ಕಿಟಕಿ ಬಿಟ್ಟು ಈಚೆ ಸೀಟು. ಆಮೇಲೆ ದೋಸ್ತ್ ಬೈಕ್ ಹಿಂದೆ. ಒಂದು ವಾರಕ್ಕೆ ಒಬ್ಬನೇ ದಾಟ್ದೆ, ಅಂಗಡಿ ಬಾಗಿಲು ತೆಗೆದು ಮೊದಲು ಚಾ ತರಿಸಿದೆ.

ಈಗಲೂ ಮಳೆ ಜೋರಿದ್ರೆ ಹೊಟ್ಟೇಲಿ ಒಂಥರಾ ಆಗ್ತದೆ. ಆದ್ರೂ ದಾಟ್ತೀನಿ. ಅಕ್ಕಾ, ನೀವು ಸೀದಾ ಮ್ಯಾನೇಜರ್‌ಗೆ ಹೇಳೋ ಮೊದಲು ಚಿಕ್ಕ ಮೆಟ್ಟಿಲು ಮಾಡಿ. ಹೋಟ್ಲಲ್ಲಿ ಚಾ ತಣ್ಣಗಿದ್ರೆ ವಾಪಸ್ ಕೊಡಿ, ಕಂಡಕ್ಟರ್ ಹತ್ರ ಉಳಿದ ಚಿಲ್ಲರೆ ಕೇಳಿ ತಗೊಳ್ಳಿ.

ಎರಡನೇ_ಕೀ (ಶಿರಸಿ)

ಕಂಡಕ್ಟರ್ ಚಿಲ್ಲರೆ!! ನಿಮಗೆ ಹೇಗೆ ಗೊತ್ತು, ಟಿಕೆಟ್ ಹಿಂದೆ ಬರೆದುಕೊಟ್ಟ ಎಷ್ಟು ದುಡ್ಡು ಕೇಳದೇ ಇಳಿದಿದೀನೋ, ಆ ಟಿಕೆಟ್ಟೆಲ್ಲ ಇನ್ನೂ ಪರ್ಸಲ್ಲಿದೆ. ನಾಳೆಯಿಂದ ಅದೇ ಶುರು.

ತೋಟದಮನೆ_ಅತ್ತೆ (ಸಿದ್ದಾಪುರ)

ಕೂಸೇ, ಮೊದಲು ಅಪ್ಪನ ಕೆಮ್ಮಿನ ಮಾತು. ನಮ್ಮನೆಯವರಿಗೂ ಹಿಂಗೇ ಆಗಿತ್ತು. ಬಿಪಿ, ಹಾರ್ಟಿಗೆ ಕೊಡೋ ಕೆಲವು ಮಾತ್ರೆ ಇದ್ದು, ರಾಮಿಪ್ರಿಲ್ ತರದ್ದು, ಕೆಲವರಿಗೆ ಅದರಿಂದ ಒಣ ಕೆಮ್ಮು ಬರ್ತು. ನಮ್ಮಲ್ಲಿ ಡಾಕ್ಟ್ರು ಮಾತ್ರೆ ಬದಲಿಸಿದ್ರು, ಎರಡು ಮೂರು ವಾರದಲ್ಲಿ ಕೆಮ್ಮು ನಿಂತ್ತು. ಹೇಳಿ ನೀನೇ ಮಾತ್ರೆ ನಿಲ್ಲಿಸಡ ಮತ್ತೆ! ಸ್ಟೆಂಟ್ ಹಾಕಿದವರದ್ದು ಒಂದು ಮಾತ್ರೆನೂ ಕೇಳದೆ ಬಿಡ್ಲಾಗ. ಚೆಕಪ್ ದೂರ ಇದ್ರೆ ಫೋನಾದ್ರೂ ಮಾಡಿ ಕೇಳು. ಅದು ಅಡಿಕೆ ಧೂಳೂ ಇರಬಹುದು, ಡಾಕ್ಟ್ರಿಗೇ ಗೊತ್ತು, ಆದ್ರೆ ನೀ ಬಾಯಿ ಬಿಟ್ರಲ್ಲದ ಅವರಿಗೆ ಗೊತ್ತಪ್ಪದು.

ಇನ್ನು ಧೈರ್ಯ. ನಮ್ಮ ತೋಟಕ್ಕೆ ಬರೋ ಕೊನೆಗೌಡ (ಅಡಿಕೆ ಕೊನೆ ಕೊಯ್ಯವ) ಮೂವತ್ತು ವರ್ಷದಿಂದ ಮರ ಹತ್ತವ. ಕಾಲಿಗೆ ಹಗ್ಗದ ಬಳೆ ಹಾಕ್ಯಂಡು ಒಂದು ಮರದ ತಲೆಯಿಂದ ಜೀಕಿ ಪಕ್ಕದ ಮರ ಹಿಡಿತ, ಕೆಳಗೆ ನಿಂತು ನೋಡೋ ನಂಗೆ ಎದೆ ನಡುಗ್ತು. ಒಂದು ದಿನ ಚಾ ಕೊಡುವಾಗ ಕೇಳ್ದೆ, ನಿಂಗೆ ಹೆದರಿಕೆನೇ ಇಲ್ಯನೋ ಹೇಳಿ. "ಅಮ್ಮಾ, ದಿನದ ಮೊದಲ್ನೇ ಮರಕ್ಕೆ ಈಗ್ಲೂ ಕಾಲು ನಡುಗ್ತದೆ, ಅದ್ಕೇ ಮೊದಲಿಗೆ ಗಿಡ್ಡ ಮರ ನೋಡ್ಕಂಡು ಹತ್ತೂದು" ಅಂದ. ಮೂವತ್ತು ವರ್ಷ ಹತ್ತಿದವಂದು ಇದು.

ಅದಕ್ಕಿಂತ ದೊಡ್ಡದು ಇನ್ನೊಂದು ನೋಡಿದ್ದಿ. ಎರಡು ವರ್ಷದ ಹಿಂದೆ ಮಳೆಗಾಲ, ಅಡಿಕೆಗೆ ಕೊಳೆ ರೋಗ ಶುರುವಾಗಿತ್ತು, ಉದುರಿದ ಎಳೆಕಾಯಿ ಮರದ ಬುಡದಲ್ಲಿ ಹಾಸಿಬಿದ್ದಿತ್ತು. ನಮ್ಮನೆಯವರು ಮೈಲುತುತ್ತ ಸುಣ್ಣ ಕರಡಿ ಬೋರ್ಡೋ ಮದ್ದು ತಯಾರು ಮಾಡಿ ಇಟ್ಟು ಕಾಯ್ತಾ ಇದ್ರು, ಬೋರ್ಡೋ ಅವತ್ತು ಕರಡಿದ್ದು ಅವತ್ತೇ ಹೊಡೀಬೇಕಲ. ಅಂವ ಬಂದ, ಮರ ಮುಟ್ಟಿ ನೋಡ್ದ, ಪಾಚಿ. "ಹೆಗಡೇರೆ, ಇವತ್ತು ಆಗೂದಿಲ್ಲ, ಮರ ಜಾರ್ತದೆ" ಹೇಳಿ ನಿಂತ. ಇವರು ಕೂಗಾಡಿದ್ರು, ಮದ್ದು ಹಾಳಾಗ್ತು, ಬೆಳೆ ಹೋಗ್ತು, ಡಬಲ್ ಕೂಲಿ ಕೊಡ್ತಿ ಅಂದ್ರು. ಅಂವ ಎದುರು ಮಾತಾಡಿದ್ನಿಲ್ಲೆ, ಸಿಟ್ಟೂ ಮಾಡಿದ್ನಿಲ್ಲೆ, ಅದೇ ಮಾತು ಇನ್ನೊಂದು ಸಲ ಹೇಳಿ ಜಗಲಿ ಮೇಲೆ ಎಲೆ-ಅಡಿಕೆ ಕವಳ ಹಾಕ್ತಾ ಕೂತ. ಮರ ಹತ್ತೋದು ಒಂದು ಧೈರ್ಯ, ಮನೆ ಯಜಮಾನನ ಎದುರು ಹತ್ತೋದಿಲ್ಲ ಹೇಳೋದು ಎಂತದು ಹೇಳು. ಆ ಮದ್ದು ಚೆಲ್ಲಿ ಹೋತು, ಅಷ್ಟೇ ಆಗಿದ್ದು. ಈ ವರ್ಷ ಫೈಬರ್ ದೋಟಿ (ಉದ್ದ ಕೋಲು) ತಂದಿದ್ದ, ನೆಲದ ಮೇಲೆ ನಿಂತೇ ಹೊಡೆದ.

ಮತ್ತೆ ಒಬ್ಬಳೇ ಹೋಗಡ. ಕಾರವಾರದ ಆ ತಮ್ಮಂಗೆ ಹಿಂದೆ ಒಂಬತ್ತು ಜನ ಮೊಬೈಲ್ ನೋಡಿದ್ವಲ, ಅದೇ ತಪ್ಪಾಗಿದ್ದು, ಅವನ ಧೈರ್ಯದ್ದಲ್ಲ. 1983ರಲ್ಲಿ ನಿಮ್ಮ ಶಿರಸಿ ಬದಿಯ ಸಾಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ಕಡಿಯೋದು ನಿಲ್ಲಿಸಿದ್ರಲ, ಒಬ್ಬೊಬ್ಬರೇ ಹೋಗಿದ್ರೆ ಕೊಡಲಿಯವರು ಪಕ್ಕಕ್ಕೆ ಸರಿಸಿ ಕಡೀತಿದ್ದ. ಊರಿಗೆ ಊರೇ ಹೋಗಿತ್ತು. ನಿಂಗೆ ಊರು ಬೇಡ, ಒಬ್ಬ ಸಹೋದ್ಯೋಗಿ ಸಾಕು, "ನಾ ಎಣಿಸುವಾಗ ನೀ ಇಲ್ಲೇ ಇರು ಮಾರಾಯ್ತಿ" ಹೇಳಿ ಮೊದಲೇ ಹೇಳಿಡು.

ಎರಡನೇ_ಕೀ (ಶಿರಸಿ)

ಹನ್ನೆರಡು ದಿನ ಆದ್ಮೇಲೆ ಬರೀತಿದೀನಿ, ಸಾರಿ (ಇಲ್ಲಿ ಸಾರಿ ಹೇಳಬಹುದಲ್ವಾ ಅಂಕಲ್).

ಮೊದಲು ಕಂಡಕ್ಟರ್. ಹದಿನೆಂಟು ರೂಪಾಯಿ ಕೇಳ್ದೆ, ಕೊಟ್ರು. ಅವರು ತಲೆ ಎತ್ತಿ ಕೂಡ ನೋಡಲಿಲ್ಲ. ನಾನು ಹದಿನೈದು ನಿಮಿಷದಿಂದ ತಯಾರಿ ಮಾಡ್ತಾ ಇದ್ದೆ!

ಆಮೇಲೆ ಮಂಗಳವಾರ. ನನ್ನ ಪಕ್ಕದ ಕೌಂಟರಿನವಳಿಗೆ ಹೇಳಿಟ್ಟಿದ್ದೆ, ಅವಳಿಗೂ ಒಳಗೊಳಗೇ ಅದೇ ಹೆದರಿಕೆ ಇತ್ತಂತೆ, ಇಷ್ಟು ದಿನ ನಂಗೆ ಗೊತ್ತೇ ಇರಲಿಲ್ಲ. ಐದೂ ಇಪ್ಪತ್ತಕ್ಕೆ ಎದ್ದೆ. ಸ್ಲಿಪ್ ಪುಸ್ತಕದ ಹಿಂದೆ ಆ ವಾಕ್ಯ ಬರೆದಿಟ್ಕೊಂಡಿದ್ದೆ, ಅಷ್ಟು ಚಿಕ್ಕ ವಾಕ್ಯನೂ ಮರೆತು ಹೋಗ್ತದೆ ಅಂತ. "ಸರ್, ಎಣಿಸಿ ಹಾಕ್ತೇನೆ, ಹತ್ತು ನಿಮಿಷ." ಧ್ವನಿ ಚಿಕ್ಕ ಹುಡುಗಿದು ಬಂದ ಹಾಗೆ ಬಂತು. "ಎಂತ, ಇವತ್ತೇನು ಹೊಸದು?" ಅಂದ್ರು. ಅದೇ ವಾಕ್ಯ ಮತ್ತೊಂದು ಸಲ. ಅವರು ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ರು, ಮಾತಾಡಲಿಲ್ಲ.

ಎಣಿಸಿದೆ. ಕೈ ನಡುಗಿ ಎರಡು ಸಲ ಲೆಕ್ಕ ತಪ್ಪಿತು. ಐನೂರರ ಒಂದು ಪ್ಯಾಕೆಟ್ ಮಷಿನ್ನಲ್ಲಿ 99 ತೋರಿಸಿತು. ನನ್ನ ಕಿವಿ ಬಿಸಿ ಆಯ್ತು, ಆಫೀಸಲ್ಲಿ ಫ್ಯಾನ್ ಶಬ್ದ ಬಿಟ್ರೆ ಬೇರೆ ಇಲ್ಲ. ಮ್ಯಾನೇಜರ್ ಬಂದು ಆ ಕಟ್ಟು ತಗೊಂಡು ಹೆಬ್ಬೆರಳಲ್ಲಿ ಸರ್ರನೆ ಬಿಡಿಸಿ ಮತ್ತೆ ಹಾಕಿದ್ರು, 100. ಎರಡು ಹೊಸ ನೋಟು ಅಂಟಿಕೊಂಡಿತ್ತು. "ಸಮಾಧಾನ ಆಯ್ತಾ?" ಅಂದ್ರು. ಯಾರೋ ನಕ್ಕರು ಕೂಡ. ನಂಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬಾರದಾ ಅನ್ನಿಸ್ತು. ಸಹಿ ಹಾಕ್ದೆ. ಬಸ್ ಹೋಗಿತ್ತು, ಅಣ್ಣ ಬೈಕಲ್ಲಿ ಬಂದು ಕರ್ಕೊಂಡು ಹೋದ.

ನಿಜ ಹೇಳಬೇಕು ಅಂದ್ರೆ ಮಂಗಳವಾರಕ್ಕಿಂತ ಬುಧವಾರ ಕಷ್ಟ ಇತ್ತು. ಒಂದು ಸಲ ಮಾಡಿ ಅವಮಾನ ಆದ್ಮೇಲೆ ಎರಡನೇ ಸಲ ಎದ್ದು ನಿಲ್ಲೋದು ಇದ್ಯಲ್ಲ ಅದು ಬೇರೆಯೇ. ಜ್ವರ ಅಂತ ರಜೆ ಹಾಕೋಣ ಅನ್ನಿಸ್ತು, ಆಗ ಸದಾಶಿವಗಡದ ಅಣ್ಣ ಬರೆದ "ಆ ಆರಾಮೇ ಮೋಸ" ನೆನಪಾಯ್ತು, ಹೋದೆ. ಹೇಳ್ದೆ. ಎಣಿಸಿದೆ. ಗುರುವಾರವೂ. ಸೋಮವಾರ ಐದೂವರೆಗೆ ನಾನು ಏಳೋದ್ರೊಳಗೆ ಮ್ಯಾನೇಜರೇ ಕ್ಯಾಶ್ ಟ್ರೇ ತಂದು ನನ್ನ ಟೇಬಲ್ ಮೇಲೆ ಇಟ್ಟು ಹೋದ್ರು, ಮುಖ ಗಂಟು ಹಾಕಿಕೊಂಡೇ. ಅವರು ನನ್ನ ಹತ್ರ ಮೊದಲಿನ ಹಾಗೆ ಮಾತಾಡ್ತಾ ಇಲ್ಲ, ಅದು ಬೇಜಾರು ಇದೆ. ರಾತ್ರಿ ನಿದ್ದೆ ಬರ್ತಿದೆ.

ಕೆಮ್ಮಿನದು ಫೋನಲ್ಲಿ ಕೇಳ್ದೆ ಅತ್ತೆ, ಮಾತ್ರೆಗಳ ಚೀಟಿ ತಗೊಂಡೇ ಬನ್ನಿ, ಅಲ್ಲಿವರೆಗೆ ಯಾವ್ದನ್ನೂ ನಿಲ್ಲಿಸಬೇಡಿ ಅಂದ್ರು. ಈ ಗುರುವಾರ ಹೋಗ್ತಿದ್ದೇವೆ. ಪ್ರಶ್ನೆ ಬರೆದಿದೀನಿ, ಏಳಾಗಿದೆ. ಚೀಟಿ ಅಪ್ಪನ ಕೈಲಿ ಕೊಟ್ರೆ ಅವರೇ ಕೇಳ್ತಾರೇನೋ ಅಂತ ಒಂದು ಯೋಚನೆ.

ತೋಟದಮನೆ_ಅತ್ತೆ (ಸಿದ್ದಾಪುರ)

ಅಪ್ಪನ ಕೈಗೆ ಕೊಡಡ! ಅವರು ಮಡಚಿ ಕಿಸೆಲಿ ಇಟ್ಕಂಡು, ಡಾಕ್ಟ್ರ ಎದುರು "ಎಂತ ತೊಂದ್ರೆ ಇಲ್ಲೆ, ಆರಾಮಿದ್ದಿ" ಹೇಳಿ ಎದ್ದು ಬತ್ತ. ಚೀಟಿ ನಿನ್ನ ಕೈಯಲ್ಲೇ ಇರಲಿ. ಏಳು ಪ್ರಶ್ನೆ ಜಾಸ್ತಿ ಆತು, ಕೆಮ್ಮಿಂದು ಮೊದಲು ಬರಿ.